ತೆಪ್ಪದ ತಳಕ್ಕೆ ಬೋರ್ಡೋ

ಯುಗಾದಿಗೆ ನಾವು ಬೇವು-ಬೆಲ್ಲ ತಿನ್ನುತ್ತೇವೆ. ನಾವಿರುವ ಮೇರಿಲ್ಯಾಂಡಿನ ಅನಾಪೊಲಿಸ್ ಊರಿನ ದೋಣಿ ಮಂದಿ ಹೆಚ್ಚುಕಡಿಮೆ ಅದೇ ವಾರದಲ್ಲಿ ತಮ್ಮ ಕಾಲುಚೀಲಗಳನ್ನು ಸುಡುತ್ತಾರೆ! ತಮಾಷೆಯಲ್ಲ, ನಿಜ. ಹಗಲು-ರಾತ್ರಿ ಸಮನಾಗುವ ದಿನ, ಮಾರ್ಚ್ 20ರ ಆಸುಪಾಸಿನಲ್ಲಿ, ಚಳಿಗಾಲವೆಲ್ಲಾ ಹಾಕಿಕೊಂಡು ನಾರುವ ಸಾಕ್ಸುಗಳನ್ನು ಬೆಂಕಿಗೆ ಒಪ್ಪಿಸಿ, ಇನ್ನು ಮುಂದೆ ಬರಿಗಾಲಿಗೇ ದೋಣಿಯ ಶೂ ಎಂದು ಘೋಷಿಸುವುದು ಇಲ್ಲಿಯ ಸಂಪ್ರದಾಯ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂದಿದ್ದರಿಂದ ಎರಡು ಹಬ್ಬಗಳೂ ಒಂದೇ ವಾರದಲ್ಲಿ ಆದವು. ನಮ್ಮಲ್ಲಿ ಪಂಚಾಂಗ ಶ್ರವಣವಾದ ಮೇಲೆ ಮಳೆ-ಬೆಳೆಯ ಮಾತು ಬರುವಂತೆ ಇವರಲ್ಲಿ ಸಾಕ್ಸು ಬೂದಿಯಾದ ಮೇಲೆ ಬರುವ ಮಾತು ಒಂದೇ: "ಈ ಸಲ ನಿಮ್ಮ ತಳಕ್ಕೆ ಏನು ಹಚ್ಚುತ್ತೀರಿ?"

ತಳ ಎಂದರೆ ದೋಣಿಯ ತಳ, ತಪ್ಪು ತಿಳಿಯಬೇಡಿ. ಮೊದಲ ಸಲ ಈ ಪ್ರಶ್ನೆ ಕೇಳಿದಾಗ ನನ್ನವಳು ಮುಖ ತಿರುಗಿಸಿಕೊಂಡು ನಕ್ಕಿದ್ದಳು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ದೋಣಿ ಕೊಂಡು ನೋಡು ಎನ್ನುವುದು ಅವರಿಗೆ ಹೊಳೆಯದೇ ಹೋಗಿದ್ದು ಅವರ ಪುಣ್ಯ. ತಿಪಟೂರಿನ ತೆಂಗಿನ ತೋಟದಲ್ಲಿ ಬೆಳೆದ ನನಗೆ ನೀರೆಂದರೆ ಬಾವಿ ಮತ್ತು ಕೆರೆ. ಆದರೂ 2019ರಲ್ಲಿ, ನಲವತ್ತೈದು ದಾಟಿದ ಮೇಲೆ ಏನೋ ಆಗುತ್ತದಲ್ಲ, ಹಾಗೆ ಆಗಿ, ಒಂದು ಹಳೆಯ ಕ್ಯಾಟಲೀನಾ 22 ಹಾಯಿದೋಣಿ ಕೊಂಡೆ. ಫ್ರಾಂಕ್ ಬಟ್ಲರ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಈ ಫೈಬರ್‌ಗ್ಲಾಸ್ ದೋಣಿ ದೋಣಿಲೋಕದ ಮಾರುತಿ 800 ಇದ್ದಂತೆ. ಸಾವಿರಾರು ತಯಾರಾಗಿವೆ, ಎಲ್ಲೆಡೆ ಸಿಗುತ್ತವೆ, ಬಿಡಿಭಾಗಗಳೂ ಸಿಗುತ್ತವೆ. ಉದ್ದ ಇಪ್ಪತ್ತೊಂದೂವರೆ ಅಡಿ. ಎಷ್ಟೇ ಗಾಳಿ ಬೀಸಿದರೂ ಆರು ನಾಟ್, ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರ್ ಮೇಲೆ ಓಡುವುದು ಕಷ್ಟ. ನಾವು ಅದಕ್ಕೆ "ತೆಪ್ಪ" ಎಂದು ಹೆಸರಿಟ್ಟೆವು. ಮರೀನಾದಲ್ಲಿ ಎಲ್ಲರೂ ಅದನ್ನು "ಟೇಪಾ" ಎನ್ನುತ್ತಾರೆ. ಏನೂ ಮಾಡುವ ಹಾಗಿಲ್ಲ.

ತೆಪ್ಪ ಇರುವುದು ಅನಾಪೊಲಿಸ್ಸಿಗೆ ಅಂಟಿಕೊಂಡಂತಿರುವ ಸೌತ್ ರಿವರ್‌ನಲ್ಲಿ. ಹೆಸರು ನದಿ ಅಷ್ಟೆ, ನಿಜಕ್ಕೂ ಅದು ಚೆಸಪೀಕ್ ಕೊಲ್ಲಿಯ ಒಂದು ತೋಳು. ನೀರು ಸಮುದ್ರದಷ್ಟು ಉಪ್ಪಲ್ಲ, ನಮ್ಮ ಕೆರೆಯಷ್ಟು ಸಿಹಿಯೂ ಅಲ್ಲ. ಈ ಅರೆ ಉಪ್ಪು ನೀರಿನಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ದೋಣಿಯನ್ನು ಬಿಟ್ಟರೆ, ತಳಕ್ಕೆ ಮೊದಲು ಲೋಳೆ ಹಿಡಿಯುತ್ತದೆ, ಆಮೇಲೆ ಪಾಚಿಯ ಗಡ್ಡ ಬೆಳೆಯುತ್ತದೆ, ಅದರ ಜೊತೆಗೆ ಬಾರ್ನಕಲ್ಲುಗಳು ಬಂದು ಬಿಡಾರ ಹೂಡುತ್ತವೆ.

ಈ ಬಾರ್ನಕಲ್ ಎಂಬ ಪ್ರಾಣಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೋಡಲು ಸಣ್ಣ ಸುಣ್ಣದ ಗುಡ್ಡ. ಆದರೆ ಅದು ಚಿಪ್ಪಿನ ಹುಳುವಲ್ಲ, ಸಿಗಡಿ-ಏಡಿಗಳ ದಾಯಾದಿ. ಮರಿಯಾಗಿದ್ದಾಗ ಸ್ವತಂತ್ರವಾಗಿ ಈಜುತ್ತಾ ಇರುತ್ತದೆ. ಒಂದು ದಿನ ನಿವೇಶನ ಹುಡುಕಲು ಹೊರಡುತ್ತದೆ. ಬಂಡೆಯ ಮೇಲೋ, ಕಂಬದ ಮೇಲೋ, ದೋಣಿಯ ಮೇಲೋ ಸ್ವಲ್ಪ ಓಡಾಡಿ ಪರೀಕ್ಷೆ ಮಾಡಿ, ಜಾಗ ಒಪ್ಪಿಗೆಯಾದರೆ ತಲೆಯನ್ನೇ ಅಂಟಿಸಿಕೊಂಡು ಕೂತುಬಿಡುತ್ತದೆ. ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ತಲೆಕೆಳಗಾಗಿ ನಿಂತು, ಕಾಲಿನಿಂದ ಅನ್ನ ಬಾಚಿ ಬಾಯಿಗೆ ಹಾಕಿಕೊಳ್ಳುತ್ತಾ ಉಳಿದ ಆಯುಷ್ಯ ಅಲ್ಲೇ! ಗ್ರೀನ್ ಕಾರ್ಡ್ ಸಿಕ್ಕ ಮೇಲೆ ನಾವೂ ಹೀಗೇ ಅಲ್ಲವೇ ಎಂದು ನನ್ನವಳ ಟೀಕೆ. ಡಾರ್ವಿನ್ ಮಹಾಶಯ ಜೀವವಿಕಾಸದ ಪುಸ್ತಕ ಬರೆಯುವ ಮೊದಲು, 1846ರಿಂದ 1854ರವರೆಗೆ, ಎಂಟು ವರ್ಷ ಕೂತು ಈ ಬಾರ್ನಕಲ್ಲುಗಳನ್ನೇ ಅಧ್ಯಯನ ಮಾಡಿದ. ಅದರ ಅಂಟು ಎಷ್ಟು ಗಟ್ಟಿಯೆಂದರೆ, ಪ್ರಾಣಿಯನ್ನು ಕೆರೆದು ತೆಗೆದರೂ ಬುಡದ ಬಿಳಿ ಬಿಲ್ಲೆ ಉಳಿದೇ ಇರುತ್ತದೆ. ಇಂಥ ಒಂದೆರಡು ನೂರು ಬಾಡಿಗೆದಾರರು ಸೇರಿದರೆ ದೋಣಿ ಗಾಳಿಗೂ ಜಗ್ಗುವುದಿಲ್ಲ, ಚುಕ್ಕಾಣಿಗೂ ಬಗ್ಗುವುದಿಲ್ಲ.

ಅದನ್ನು ತಡೆಯುವುದಕ್ಕೇ ಈ ತಳದ ಬಣ್ಣ, ಬಾಟಮ್ ಪೇಂಟ್. ಬಣ್ಣ ಎಂದು ಕರೆಯುವುದೇ ಒಂದು ಮರ್ಯಾದೆಯ ಮಾತು ಎನ್ನುವುದನ್ನು ನನಗಿಂತ ಮೊದಲು ಗುರುತಿಸಿದವರು ನಮ್ಮ ಮಾವ.

ಮಾವ ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ಆ ವರ್ಷ ಫೆಬ್ರವರಿಯಲ್ಲಿ ಅತ್ತೆಯ ಜೊತೆ ಬಂದಿದ್ದರು. ವಿಮಾನ ಇಳಿದ ದಿನವೇ "ಮೇ ಹದಿನೈದರ ಒಳಗೆ ಹೊರಡಬೇಕು, ತೋಟಕ್ಕೆ ಮೊದಲನೇ ಔಷಧಿ ಹೊಡೆಸಬೇಕು" ಎಂದು ಹೇಳಿಯೇ ಒಳಗೆ ಬಂದವರು. ಮನೆಯಲ್ಲಿ ಕೂತು ಟೀವಿ ನೋಡಿ ಬೇಸರವಾಗಿದ್ದ ಅವರನ್ನು ಒಂದು ಶನಿವಾರ ದೋಣಿಯಂಗಡಿಗೆ ಕರೆದುಕೊಂಡು ಹೋದೆ. ಒಂದು ಗ್ಯಾಲನ್ ಡಬ್ಬ ಕೈಗೆತ್ತಿಕೊಂಡವರು "ಎಂತ ಭಾರ ಮಾರಾಯಾ ಇದು, ಬಣ್ಣವೋ ಕಬ್ಬಿಣವೋ?" ಎಂದರು. ಕನ್ನಡಕ ಸರಿ ಮಾಡಿಕೊಂಡು ಚೀಟಿ ಓದತೊಡಗಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಕ್ಯೂಪ್ರಸ್ ಆಕ್ಸೈಡ್ ಇಂತಿಷ್ಟು ಎಂದು ಬರೆದಿತ್ತು. ಹಲವು ಡಬ್ಬಗಳಲ್ಲಿ ಅದು ತೂಕದ ನೂರಕ್ಕೆ ನಲವತ್ತು, ಕೆಲವಕ್ಕೆ ಅದಕ್ಕೂ ಹೆಚ್ಚು. ಕೆಳಗೆ ಅಮೆರಿಕದ ಪರಿಸರ ಸಂಸ್ಥೆಯ ನೋಂದಣಿ ಸಂಖ್ಯೆ. ಏಕೆಂದರೆ ಈ ದೇಶದ ಕಾನೂನಿನ ಪ್ರಕಾರ ಇದು ಬಣ್ಣವಲ್ಲ, ಪೆಸ್ಟಿಸೈಡ್! ಮಾವನ ಮುಖ ಅರಳಿತು. "ಹೋ! ತಾಮ್ರ! ಇದು ನಮ್ಮ ಬೋರ್ಡೋ!"

ಮಲೆನಾಡಿನವರಿಗೆ ಬೋರ್ಡೋ ಎಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಇದೇ ಮದ್ದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಮೈಲುತುತ್ತ-ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ ಎಂದು ಮಿಲಾರ್ಡೇ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ಅದನ್ನು ನಮ್ಮ ಅಡಿಕೆ ತೋಟಕ್ಕೆ ತಂದ ಪುಣ್ಯಾತ್ಮ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲಿನ ಆತನ ವರದಿ ಬಂದದ್ದು 1910ರಲ್ಲಿ. ಅದಕ್ಕೂ ಮೊದಲು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಕೊನೆಗೌಡ ಮರ ಮರ ಹತ್ತಿ ಗೊನೆ ಗೊನೆಗೆ ಟೋಪಿ ಹಾಕಿದಂತೆ.

ಅಂಗಡಿಯಿಂದ ವಾಪಸು ಬರುವಾಗ ಮಾವನ ಪಾಠ ಶುರುವಾಯಿತು. ಕೊಳೆರೋಗದ ಬೀಜಾಣು ಮಳೆಯ ಹನಿಯಲ್ಲಿ ಈಜಿಕೊಂಡು ಬಂದು ಕಾಯಿಯ ಮೇಲೆ ಕೂರಲು ಜಾಗ ಹುಡುಕುತ್ತದೆ. ಮೊದಲೇ ತಾಮ್ರ ಕೂತಿದ್ದರೆ ಅಲ್ಲೇ ಸಾಯುತ್ತದೆ. ಬಾರ್ನಕಲ್ ಮರಿಯದ್ದೂ ಅದೇ ಕಥೆ. "ಬಂದ ಮೇಲೆ ಹೊಡೆದರೆ ಪ್ರಯೋಜನ ಇಲ್ಲ, ಬರುವ ಮುಂಚೆ ಹೊಡೀಬೇಕು." ಎರಡಕ್ಕೂ ಸರಿ. ಇನ್ನೊಂದು ಸೋಜಿಗ ನೋಡಿ. ಬೋರ್ಡೋ ಮಳೆಗೆ ತೊಳೆದು ಹೋಗದಿರಲೆಂದು ನಮ್ಮವರು ಅದಕ್ಕೆ ರಾಳದ ಅಂಟು ಬೆರೆಸುತ್ತಾರೆ. ಅದೇ ರಾಳವನ್ನು ಇಲ್ಲಿಯವರು ದೋಣಿಯ ಬಣ್ಣಕ್ಕೆ ಬೆರೆಸುವುದು ಅದು ನಿಧಾನವಾಗಿ ತೊಳೆದು ಹೋಗಲಿ ಎಂದು! ಉಪ್ಪುನೀರಿನಲ್ಲಿ ರಾಳ ಮೆಲ್ಲಗೆ ಕರಗುತ್ತದೆ, ಹಳೆಯ ಪದರ ಜಾರುತ್ತದೆ, ಹೊಸ ತಾಮ್ರ ಮೇಲಕ್ಕೆ ಬರುತ್ತದೆ.

ಇಷ್ಟರಲ್ಲಿ ಕಥೆ ಮುಗಿದು, ಒಂದು ತಾಮ್ರದ ಡಬ್ಬ ತಂದು ಬಳಿದು ದೋಣಿ ಇಳಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಬ್ಬ ವಿರೋಧ ಪಕ್ಷದ ನಾಯಕಿ ಇದ್ದಾಳೆ. ಆಗ ಅವಳು ಹತ್ತನೆಯ ತರಗತಿ.

ಚೆಸಪೀಕ್ ಕೊಲ್ಲಿ ಒಂದು ಕಾಲದಲ್ಲಿ ಆಯ್ಸ್ಟರ್, ಅಂದರೆ ಸಿಂಪಿಗಳಿಗೆ ಪ್ರಸಿದ್ಧ. ಹಿಡಿದು ತಿಂದು, ರೋಗ ಬಡಿದು, ಈಗ ಹಿಂದಿದ್ದುದರ ನೂರಕ್ಕೆ ಒಂದೋ ಎರಡೋ ಭಾಗ ಉಳಿದಿದೆ ಎನ್ನುತ್ತಾರೆ. ಬೆಳೆದ ಒಂದು ಸಿಂಪಿ ಅನುಕೂಲ ಇದ್ದರೆ ದಿನಕ್ಕೆ ಐವತ್ತು ಗ್ಯಾಲನ್‌ವರೆಗೂ ನೀರು ಸೋಸಬಲ್ಲದು. ಅದಕ್ಕೇ 2008ರಿಂದ ಮೇರಿಲ್ಯಾಂಡ್ ಸರ್ಕಾರ ನೀರಿನ ಅಂಚಿನಲ್ಲಿ ಕಟ್ಟೆ ಇರುವವರಿಗೆ ಸಿಂಪಿ ಮರಿಗಳ ಪಂಜರ ಕೊಟ್ಟು ಸಾಕಲು ಹೇಳುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಇಳಿಬಿಟ್ಟರೆ ಮುಂದಿನ ಬೇಸಿಗೆಯ ಮೊದಲಲ್ಲಿ ತೆಗೆದುಕೊಂಡು ಹೋಗಿ, ಯಾರೂ ಹಿಡಿಯಬಾರದ ರಕ್ಷಿತ ಜಾಗದಲ್ಲಿ ಬಿಡುತ್ತಾರೆ. ನಮ್ಮ ಮರೀನಾದಲ್ಲಿ ಅಂಥ ಕೆಲವು ಪಂಜರಗಳಿದ್ದವು. ಅವುಗಳಲ್ಲಿ ಒಂದರ ಉಸ್ತುವಾರಿ ಮಗಳದು. ಎರಡು ವಾರಕ್ಕೊಮ್ಮೆ ಹೋಗಿ ಪಂಜರ ಎತ್ತಿ ಕುಲುಕಿ ಕೆಸರು ತೊಳೆಯಬೇಕು. ಚಳಿಯಲ್ಲಿ ಅವಳನ್ನು ಕರೆದುಕೊಂಡು ಹೋಗುವ ಕೆಲಸ ನನ್ನದು. ಪಂಜರ ತೂಗುತ್ತಿದ್ದ ಜಾಗ ಯಾವುದು ಹೇಳಿ? ತೆಪ್ಪ ಕಟ್ಟುವ ಕಂಬದಿಂದ ಎಂಟು ಅಡಿ!

ಶುದ್ಧ ಸಸ್ಯಾಹಾರಿಗಳಾದ ಮಾವ "ಇದನ್ನು ತಿನ್ನೋದಕ್ಕಲ್ಲ ತಾನೇ?" ಎಂದು ಮೊದಲು ಖಾತ್ರಿ ಮಾಡಿಕೊಂಡರು.

"ಅಲ್ಲ ತಾತ, ನೀರು ಕ್ಲೀನ್ ಮಾಡೋಕೆ" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಬಾರ್ನಕಲ್ ಬೇಬಿ ಸತ್ತರೆ ಆಯ್ಸ್ಟರ್ ಬೇಬಿ ಸಾಯಲ್ವಾ ಅಪ್ಪಾ? ಪಾಯಿಸನ್‌ಗೆ ಹೇಗೆ ಗೊತ್ತಾಗುತ್ತೆ ಯಾರು ಯಾರು ಅಂತ?"

ನಾನು ಉತ್ತರ ಕೊಡಲಿಲ್ಲ. ಉತ್ತರ ಆ ಪ್ರಶ್ನೆಯಲ್ಲೇ ಇತ್ತು.

ಆ ವಾರವೆಲ್ಲಾ ಅವಳು ಓದಿ ಓದಿ ನಮಗೆ ಒಪ್ಪಿಸಿದಳು. ನಾನೂ ಓದಿದೆ. 1960-70ರ ದಶಕದಲ್ಲಿ ಟ್ರೈಬ್ಯೂಟೈಲ್‌ಟಿನ್ ಎಂಬ ತವರದ ಸಂಯುಕ್ತ ಸೇರಿಸಿದ ಬಣ್ಣ ಬಂತು. ಅದರಂಥ ಬಣ್ಣ ಹಿಂದೆಯೂ ಇರಲಿಲ್ಲ, ಮುಂದೆಯೂ ಬಂದಿಲ್ಲ ಎಂದು ಹಳಬರು ಇಂದಿಗೂ ನಿಟ್ಟುಸಿರಿಡುತ್ತಾರೆ. ಫ್ರಾನ್ಸಿನ ಆರ್ಕಷೋನ್ ಕೊಲ್ಲಿಯಲ್ಲಿ ಸಿಂಪಿ ಸಾಕಣೆ ದೊಡ್ಡ ಉದ್ಯಮ. 1970ರ ದಶಕದ ಕೊನೆಯಲ್ಲಿ ಅಲ್ಲಿ ಸಿಂಪಿ ಮರಿಗಳೇ ನಿಲ್ಲಲಿಲ್ಲ. ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು. ಕಾರಣ ಪಕ್ಕದಲ್ಲೇ ತೇಲುತ್ತಿದ್ದ ಮೋಜಿನ ದೋಣಿಗಳ ತಳದ ತವರ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯ ಒಂದೆರಡು ಪಾಲು ಇದ್ದರೂ ಸಾಕು, ಕೆಲವು ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು, ಅಮೆರಿಕ 1988ರಲ್ಲಿ. ಜಗತ್ತಿನ ಹಡಗುಗಳಿಗೆಲ್ಲಾ ಅನ್ವಯಿಸುವ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ. ಭೂಪಟ ತೆಗೆದು ನೋಡಿದರೆ ಆರ್ಕಷೋನ್ ಇರುವುದು ಬೋರ್ಡೋ ನಗರದಿಂದ ಒಂದು ಗಂಟೆಯ ದಾರಿ. ಮಾವ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು.

ತವರ ಹೋಗಿ ಮತ್ತೆ ತಾಮ್ರವೇ ಪಟ್ಟಕ್ಕೆ ಬಂತು. ತಾಮ್ರ ಅಷ್ಟು ಕ್ರೂರಿಯಲ್ಲ. ನಮ್ಮ ತಾಮ್ರದ ಚೊಂಬಿನ ನೀರು ಕುಡಿದೇ ಅತ್ತೆ-ಮಾವ ಎಂಬತ್ತರ ಹತ್ತಿರ ಬಂದಿದ್ದಾರೆ. ಈ ಕೊಲ್ಲಿಯ ಹೆಸರಾಂತ ನೀಲಿ ಏಡಿಯ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವೇ ಇರುವುದು. ಆದರೆ ಪ್ರಮಾಣ ಮೀರಿದರೆ? ಸ್ಯಾನ್ ಡಿಯಾಗೋದಲ್ಲಿ ಸಾವಿರಾರು ದೋಣಿ ಒತ್ತೊತ್ತಾಗಿ ನಿಂತ ಒಂದು ಹಿನ್ನೀರಿನಲ್ಲಿ ತಾಮ್ರ ಎಷ್ಟು ಹೆಚ್ಚಿತೆಂದರೆ, ಅದನ್ನು ನೂರಕ್ಕೆ 76 ಭಾಗ ಇಳಿಸಬೇಕೆಂದು 2005ರಲ್ಲಿ ಆದೇಶವಾಯಿತು. ಕ್ಯಾಲಿಫೋರ್ನಿಯಾ 2018ರ ಜುಲೈನಿಂದ ಬಣ್ಣ ದಿನಕ್ಕೆ ಎಷ್ಟು ತಾಮ್ರ ಬಿಡಬಹುದು ಎಂದು ಮಿತಿ ಹಾಕಿತು. ವಾಷಿಂಗ್ಟನ್ ರಾಜ್ಯ 2011ರಲ್ಲೇ ಸಣ್ಣ ದೋಣಿಗಳಿಗೆ ತಾಮ್ರ ಬೇಡವೆಂದು ಕಾನೂನು ಮಾಡಿ, ಬದಲಿ ಬಣ್ಣಗಳೂ ಅಷ್ಟೇನು ಸಾಧುವಲ್ಲ ಎಂಬ ಅನುಮಾನ ಬಂದು, ಆಮೇಲೆ ಅದನ್ನು ಮುಂದೂಡಿತು. ನಮ್ಮ ಮೇರಿಲ್ಯಾಂಡಿನಲ್ಲಿ ತಾಮ್ರಕ್ಕೆ ಅಡ್ಡಿಯಿಲ್ಲ. ಲೋಹವಾದ್ದರಿಂದ ಅದು ಕೊಳೆಯುವುದಿಲ್ಲ, ಕರಗಿ ಮಾಯವಾಗುವುದಿಲ್ಲ, ತಳದ ಕೆಸರಿನಲ್ಲಿ ಹೋಗಿ ಕೂರುತ್ತದೆ. "ನೂರು ವರ್ಷ ಹೊಡೆದಿದ್ದೇವೆ, ನಮ್ಮ ತೋಟದ ಮಣ್ಣಲ್ಲೂ ಇರ್ತದೆ ಹಾಗಾದ್ರೆ" ಎಂದರು ಮಾವ, ಯಾರಿಗೆ ಎಂದಲ್ಲದೆ.

ಬಣ್ಣವೇ ಇಲ್ಲದೆ ಆಗದೇ? ಮಗಳ ಮುಂದಿನ ಪ್ರಶ್ನೆ ಅದು. ಅಂದರೆ ದೋಣಿಗೆ ಕೊಟ್ಟೆ ಕಟ್ಟಿದ ಹಾಗೆ. ಇದೆ, ದೋಣಿಯನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸುವ ಯಂತ್ರಗಳಿವೆ, ಅವುಗಳ ಬೆಲೆ ತೆಪ್ಪದ ಬೆಲೆಗಿಂತ ಹೆಚ್ಚು. ಟ್ರೇಲರ್ ಮೇಲೆ ಇಟ್ಟು ಬೇಕಾದಾಗ ಮಾತ್ರ ಇಳಿಸಬಹುದು. ಕ್ಯಾಟಲೀನಾ 22 ಅದಕ್ಕೆಂದೇ ಮಾಡಿದ ದೋಣಿ. ಆದರೆ ಪ್ರತಿಸಲ ಕಂಬ ನಿಲ್ಲಿಸಿ, ಹಗ್ಗ ಬಿಗಿದು, ಇಳಿಸಿ, ಹತ್ತಿಸಿ ಎಂದರೆ ಎರಡು ಗಂಟೆ ಸಾಗಲು ಮೂರು ಗಂಟೆ ಕೂಲಿ. ಶುಕ್ರವಾರ ಸಂಜೆ ಆಫೀಸು ಮುಗಿಸಿ ಹೋಗಿ ಹಾಯಿ ಬಿಚ್ಚುವ ಸುಖ ಹೋದಂತೆಯೇ. ಆ ಸುಖಕ್ಕಾಗಿ ನಾನು ಸ್ವಲ್ಪ ಸ್ವಾರ್ಥಿ ಎಂದು ಒಪ್ಪಿಕೊಂಡೇ ವಾದಿಸಿದೆ.

ಉಳಿದದ್ದು ಜಾತಿ ಆಯ್ಕೆ. ತಳದ ಬಣ್ಣದಲ್ಲಿ ಎರಡು ದೊಡ್ಡ ಜಾತಿ. ಗಟ್ಟಿ ಬಣ್ಣ ಕಲ್ಲಿನಂತೆ ಕೂತು, ಒಳಗಿನ ವಿಷ ಮಾತ್ರ ಸೋರಿ, ಕೊನೆಗೆ ಖಾಲಿ ಚಿಪ್ಪು ಉಳಿಯುತ್ತದೆ. ವರ್ಷ ವರ್ಷ ಬಳಿದರೆ ಪದರ ಏರುತ್ತಾ ಒಂದು ದಿನ ಹಪ್ಪಳದಂತೆ ಏಳುತ್ತದೆ. ಇಂಥ ಬಣ್ಣದ ದೋಣಿಯನ್ನು ಚಳಿಗಾಲದಲ್ಲಿ ಮೇಲೆತ್ತಿ ಒಣಗಿಸಿದರೆ ಅದರ ಶಕ್ತಿಯೂ ಕುಂದುತ್ತದೆ. ಇನ್ನೊಂದು ಸವೆಯುವ ಬಣ್ಣ. ಸೋಪಿನಂತೆ ತೆಳ್ಳಗೆ ಸವೆಯುತ್ತಾ ಹೊಸ ಮೈ ತೋರಿಸುತ್ತದೆ, ಮೇಲೆತ್ತಿ ಇಳಿಸಿದರೂ ಕೆಲಸ ಮಾಡುತ್ತದೆ. ನವೆಂಬರ್‌ನಲ್ಲಿ ಹತ್ತಿ ಏಪ್ರಿಲ್‌ನಲ್ಲಿ ಇಳಿಯುವ ನಮ್ಮಂಥವರಿಗೆ ಇದೇ ಸರಿ, ಇದರಲ್ಲಿ ನನಗೆ ಸಂಶಯವಿರಲಿಲ್ಲ. ಗಟ್ಟಿಯ ಮೇಲೆ ಸವೆಯುವುದನ್ನು ಉಜ್ಜಿ ಹಚ್ಚಬಹುದು, ಸವೆಯುವುದರ ಮೇಲೆ ಗಟ್ಟಿಯದನ್ನು ಹಚ್ಚುವಂತಿಲ್ಲ, ಅಡಿಪಾಯವೇ ಜಾರುತ್ತದಲ್ಲ. ಹಳೆಯದು ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ತಿಕ್ಕಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಸವೆಯುವುದು. ನಮ್ಮದರಲ್ಲಿ ಬರಲಿಲ್ಲ.

ವಿಷ ಯಾವುದು? ತಾಮ್ರವಿಲ್ಲದ ಡಬ್ಬಗಳಲ್ಲಿ ಎರಡು ಇರುತ್ತವೆ. ಒಂದು ಎಕೋನಿಯಾ, ಬಾರ್ನಕಲ್‌ನಂಥ ಗಟ್ಟಿಗರಿಗೆ. ಇದು ನೀರಿಗೆ ಬಿದ್ದ ಮೇಲೆ ಗಂಟೆಗಳ ಲೆಕ್ಕದಲ್ಲಿ ಒಡೆದುಹೋಗುತ್ತದೆ. ಇನ್ನೊಂದು ಜಿಂಕ್ ಪೈರಿಥಿಯೋನ್, ಲೋಳೆ-ಪಾಚಿಗೆ. ಈ ಎರಡನೆಯದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಯೋಚಿಸಿ ಸ್ನಾನದ ಮನೆಗೆ ಹೋಗಿ ನೋಡಿದರೆ, ನನ್ನ ತಲೆಹೊಟ್ಟಿನ ಶಾಂಪೂ! "ಅದಕ್ಕೇ ಇರಬೇಕು ನಿಮ್ಮ ತಲೆ ಮೇಲೆ ಏನೂ ಬೆಳೀತಿಲ್ಲ" ಎಂದಳು ನನ್ನವಳು. ಆದರೆ ಇದೂ ಪನ್ನೀರಲ್ಲ. ಯುರೋಪಿನಲ್ಲಿ 2022ರಿಂದ ಶಾಂಪೂಗಳಲ್ಲಿ ಅದಕ್ಕೆ ನಿಷೇಧ. ನೀರಿನಲ್ಲಿ ಜೀವಿಗಳಿಗೆ ಅದು ವಿಷವೇ. ಡಬ್ಬದ ಮೇಲೆ ಎಲೆಯ ಚಿತ್ರ ಇದ್ದ ಮಾತ್ರಕ್ಕೆ ಒಳಗಿರುವುದು ತುಳಸಿ ತೀರ್ಥವಾಗುವುದಿಲ್ಲ. ಬೆಳೆಯದಂತೆ ತಡೆಯುವ ಬಣ್ಣ ಎಂದರೆ ಏನನ್ನೋ ಸಾಯಿಸುವ ಬಣ್ಣ. ನಾವು ಆರಿಸಬಹುದಾದದ್ದು ಅದು ಎಷ್ಟು ದಿನ ನೀರಲ್ಲಿ ಉಳಿಯಬೇಕು ಎನ್ನುವುದನ್ನು ಮಾತ್ರ. ಒಡೆದು ಹೋಗುವುದು ಮತ್ತು ಕೆಸರಿನಲ್ಲಿ ಕೂರುವುದು, ಇವೆರಡರಲ್ಲಿ ಎಂಟು ಅಡಿಯಾಚೆ ಪಂಜರ ಇರುವವನು ಯಾವುದನ್ನು ಆರಿಸಬೇಕು?

ತೀರ್ಮಾನವನ್ನು ಇನ್ನಷ್ಟು ಸುಲಭ ಮಾಡಿದ್ದು ತೆಪ್ಪದ ಕೀಲ್. ಗಾಳಿಗೆ ದೋಣಿ ಮಗುಚದಂತೆ ಕೆಳಗೆ ಇಳಿಬಿಡುವ ಐನೂರೈವತ್ತು ಪೌಂಡಿನ ಹಲಗೆ ಅದು, ಎರಕದ ಕಬ್ಬಿಣದ್ದು. ಕಬ್ಬಿಣದ ಮೇಲೆ ನೇರವಾಗಿ ತಾಮ್ರದ ಬಣ್ಣ ಹಚ್ಚಬಾರದು, ಎಪಾಕ್ಸಿಯ ಪದರಗಳನ್ನು ಎಲ್ಲೂ ತೂತಿಲ್ಲದಂತೆ ಕೊಟ್ಟ ಮೇಲೆಯೇ ಹಚ್ಚಬೇಕು ಎಂದು ಎಲ್ಲಾ ಡಬ್ಬಗಳ ಮೇಲೂ ಬರೆದಿರುತ್ತದೆ. ಯಾಕೆ ಎಂದು ನಾನು ವಿದ್ಯುದ್ರಸಾಯನ ಶಾಸ್ತ್ರ ನೆನಪು ಮಾಡಿಕೊಳ್ಳುತ್ತಿದ್ದರೆ, ಮಾವ ಮಗಳಿಗೆ ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಬೋರ್ಡೋ ಕಲಸಿದ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. "ಆ ಕೆಂಪು ತಾಮ್ರ ಮಗಾ. ತಾಮ್ರ ಬಂದು ಕೂತ್ಕೊಳ್ತದೆ, ಕಬ್ಬಿಣ ಎದ್ದು ಹೋಗ್ತದೆ. ನಿನ್ನಪ್ಪನ ದೋಣಿಗೂ ಅದೇ." ಇದಕ್ಕಿಂತ ಚೆನ್ನಾಗಿ ಯಾವ ಪ್ರಾಧ್ಯಾಪಕರೂ ನನಗೆ ಹೇಳಿರಲಿಲ್ಲ.

ಬ್ರಿಟಿಷ್ ನೌಕಾಪಡೆ ಇದನ್ನು ದುಬಾರಿಯಾಗಿ ಕಲಿಯಿತು. 1761ರಲ್ಲಿ ಅಲಾರ್ಮ್ ಎಂಬ ಮರದ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆದರು. ತಳವೇನೋ ಶುಭ್ರವಾಗಿತ್ತು, ಆದರೆ ತಾಮ್ರ ಮುಟ್ಟಿದಲ್ಲೆಲ್ಲಾ ಕಬ್ಬಿಣದ ಮೊಳೆಗಳು ಮೆತ್ತಗಾಗಿ ಹೋಗಿದ್ದವು. ಮುಂದೆ 1824ರಲ್ಲಿ ಹಂಫ್ರಿ ಡೇವಿ ಆ ತಾಮ್ರದ ತಗಡೇ ಸವೆಯದಂತೆ ಉಪಾಯ ಮಾಡಿದ, ಅಲ್ಲಲ್ಲಿ ಸತು-ಕಬ್ಬಿಣದ ತುಂಡು ಜೋಡಿಸಿ. ತಾಮ್ರ ಒಂದಿಷ್ಟೂ ಸವೆಯಲಿಲ್ಲ. ಆದರೆ ತಗಡಿನ ಮೇಲೆಲ್ಲಾ ಬಾರ್ನಕಲ್ ಮತ್ತು ಪಾಚಿ! ಕರಗದ ತಾಮ್ರ ಯಾರನ್ನೂ ಹೆದರಿಸುವುದಿಲ್ಲ. ಆ ದೊಡ್ಡ ವಿಜ್ಞಾನಿಯ ಉಪಾಯವನ್ನು ನೌಕಾಪಡೆ ಕೈಬಿಟ್ಟಿತು.

ನಾವು ತಾಮ್ರವಿಲ್ಲದ, ನೀರಿನಲ್ಲಿ ಕಲಸಿದ, ಸವೆಯುವ ಬಣ್ಣವನ್ನು ತಂದೆವು. ಲೆಕ್ಕ ಸುಲಭ: ಉದ್ದ ಗುಣಿಸು ಅಗಲ ಗುಣಿಸು 0.85. ತೆಪ್ಪಕ್ಕೆ ಸುಮಾರು 140 ಚದರ ಅಡಿ. ಒಂದು ಗ್ಯಾಲನ್ ಸುಮಾರು 400 ಚದರ ಅಡಿಗೆ ಬರುತ್ತದೆ. ಕೆಂಪು ಎರಡು ಕ್ವಾರ್ಟ್, ನೀಲಿ ಒಂದು ಗ್ಯಾಲನ್. ಮೊದಲ ಕೈ ಕೆಂಪು, ಮೇಲೆ ಎರಡು ಕೈ ನೀಲಿ. ಮುಂದೆ ನೀಲಿ ಸವೆದು ಕೆಂಪು ಇಣುಕಿದಾಗ ಮತ್ತೆ ಬಳಿಯುವ ಕಾಲ ಬಂತೆಂದು ತಿಳಿಯಬೇಕು. ಇದು ಮರೀನಾದ ಹಿರಿಯರು ಕಲಿಸಿದ ಉಪಾಯ, ಸವೆಯುವ ಬಣ್ಣ ಹಚ್ಚುವವರೆಲ್ಲಾ ಮಾಡಬೇಕಾದದ್ದು.

ಬಳಿಯುವುದು ಅರ್ಧ ದಿನದ ಕೆಲಸ. ಅದಕ್ಕೆ ಮುಂಚಿನದೇ ಮೂರು ಶನಿವಾರ-ಭಾನುವಾರ ತಿಂದಿತು. ಹಳೆಯ ತಾಮ್ರದ ಬಣ್ಣ ಸಡಿಲವಿದ್ದಲ್ಲಿ ಕೆರೆದು, ಉಳಿದದ್ದನ್ನು 80 ನಂಬರಿನ ಕಾಗದದಲ್ಲಿ ಉಜ್ಜಬೇಕು. ಆ ಧೂಳು ಬಣ್ಣಕ್ಕಿಂತ ಕೆಟ್ಟದ್ದು, ಶ್ವಾಸಕೋಶಕ್ಕೂ ಕೊಲ್ಲಿಗೂ. ಆದ್ದರಿಂದ ವ್ಯಾಕ್ಯೂಮ್ ಜೋಡಿಸಿದ ಯಂತ್ರ ಬಾಡಿಗೆಗೆ ತಂದು, ಕೆಳಗೆ ಟಾರ್ಪಾಲು ಹಾಸಿ, ಬಿಳಿ ಮೇಲಂಗಿ, ಸಿಲಿಂಡರಿನಂಥ ಫಿಲ್ಟರು ಎರಡು ಕಡೆ ಇರುವ ಮುಖವಾಡ ಹಾಕಿಕೊಂಡು ಮಲಗಿ ಉಜ್ಜಿದೆ. ಈ ಕೆಲಸಕ್ಕೆ ಮಗಳನ್ನು ಹತ್ತಿರ ಬಿಡಲಿಲ್ಲ. ಅವಳು ಜಗಳವಾಡಿದಳು, ಆದರೂ ಬಿಡಲಿಲ್ಲ. ಮಾವ ಮಾತ್ರ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು "ನಮ್ಮ ಕೊನೆಗೌಡರು ಮೈಲುತುತ್ತ ಹೊಡೆಯುವಾಗ ಮೂಗಿಗೆ ಒಂದು ಬಟ್ಟೆ ಸಹ ಕಟ್ಟಿಕೊಳ್ತಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಈ ಮುಖವಾಡ ಎಷ್ಟು? ಮೂರು ಬೇಕಲ್ಲ" ಎಂದರು. ಮೇ ತಿಂಗಳಲ್ಲಿ ಅವರ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟಿನ ಜೊತೆ ಮೂರು ಮುಖವಾಡಗಳೂ ಸಾಗರಕ್ಕೆ ಹೋದವು.

ಕೀಲ್ ಅನ್ನು ಲೋಹ ಹೊಳೆಯುವವರೆಗೆ ಉಜ್ಜಿ, ತುಕ್ಕು ಮತ್ತೆ ಹಿಡಿಯುವ ಮೊದಲೇ ಅದೇ ದಿನ ಎಪಾಕ್ಸಿ ಕೊಟ್ಟೆವು. ನೀರಿನ ಮಟ್ಟದ ಗೆರೆಗೆ ಟೇಪು ಅಂಟಿಸುವುದು ಮಗಳ ಕೆಲಸ. ಬಣ್ಣ ಪೂರ್ತಿ ಒಣಗುವ ಮುಂಚೆ ಅದನ್ನು ಕೀಳಬೇಕು, ಇಲ್ಲದಿದ್ದರೆ ಅಂಚು ಹರಿಯುತ್ತದೆ. ಡಬ್ಬದ ತಳದಲ್ಲಿ ಕೂತಿರುವುದೇ ಅಸಲಿ ಮಾಲು, ಅದಕ್ಕೇ ಹತ್ತು ನಿಮಿಷ ಕಲಕಬೇಕು. ಇದು ಮಾವನ ವಿಭಾಗ. ತಣ್ಣಗಿನ ಏಪ್ರಿಲ್ ಬೆಳಿಗ್ಗೆ ಬಿಸಿಲೇರುವವರೆಗೆ ಕಾದು, ಗಿಡ್ಡ ಕೂದಲಿನ ರೋಲರಿನಲ್ಲಿ ಹಚ್ಚಿದೆವು. ನೀರಿನ ಗೆರೆ, ಮೂತಿ, ಚುಕ್ಕಾಣಿಯ ಅಂಚು, ಇಲ್ಲೆಲ್ಲಾ ನೀರು ಹೆಚ್ಚು ಉಜ್ಜುವುದರಿಂದ ಇನ್ನೊಂದು ಕೈ. ಆಳ ಅಳೆಯುವ ಯಂತ್ರದ ಬಿಲ್ಲೆಯನ್ನು ಮಾತ್ರ ಬಿಟ್ಟೆವು. ಆಧಾರದ ಕಂಬಗಳ ಕೆಳಗಿನ ಜಾಗ ಉಳಿದಿತ್ತು. ಕಂಬಗಳನ್ನು ನಾವು ಮುಟ್ಟಬಾರದು, ಅದು ಯಾರ್ಡಿನವರ ಕೆಲಸ, ಒಂದು ಜಾರಿದರೆ ಎರಡೂವರೆ ಸಾವಿರ ಪೌಂಡ್ ತಲೆಯ ಮೇಲೆ. ಇಳಿಸುವ ದಿನ ಕ್ರೇನಿನ ಪಟ್ಟಿಯಲ್ಲಿ ದೋಣಿ ತೂಗುತ್ತಿದ್ದಾಗ ಆ ಚೌಕಗಳಿಗೂ ಕೀಲಿನ ತುದಿಗೂ ಬಳಿದು ಮುಗಿಸಿದೆವು.

ಹೊಸ ಬಣ್ಣ ಮೊದಲ ಕೆಲವು ವಾರ ಹೆಚ್ಚು ವಿಷ ಬಿಡುತ್ತದೆ. ಹಾಗಾಗಿ ಇಳಿಸುವ ಮುಂಚೆ ಮಗಳು ಮರೀನಾದವರನ್ನು ಕೇಳಿ ಪಂಜರವನ್ನು ಕಟ್ಟೆಯ ಆ ತುದಿಗೆ, ಹರಿವು ಇರುವ ಕಡೆಗೆ ಸಾಗಿಸಿದಳು. ಜೂನ್‌ನಲ್ಲಿ ಪಂಜರ ಒಯ್ಯಲು ಬಂದಾಗ ಹೆಬ್ಬೆರಳಿನ ಉಗುರಿಗಿಂತ ದೊಡ್ಡ ಸಿಂಪಿಗಳು ಬಹಳ ಇದ್ದವು, ಸತ್ತವೂ ಇದ್ದವು. ಬಣ್ಣದಿಂದ ಬದುಕಿದವೋ, ಬಣ್ಣವಿದ್ದೂ ಬದುಕಿದವೋ ಎಂದು ಒಂದು ಪಂಜರದಿಂದ ಹೇಳಲಾಗುವುದಿಲ್ಲ. ಮಗಳು ಎಣಿಸಿ ಬರೆದುಕೊಂಡಳು ಅಷ್ಟೆ.

ತಾಮ್ರ ಬಿಟ್ಟದ್ದಕ್ಕೆ ತೆರಿಗೆ ಬೇಸಿಗೆಯಲ್ಲಿ ಕಟ್ಟಿದೆವು. ಲೋಳೆ ಬೇಗ ಹಿಡಿಯಿತು. ಮೂರು ವಾರಕ್ಕೊಮ್ಮೆ ನೀರಿಗಿಳಿದು ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕಾಯಿತು, ಬಣ್ಣದ ಮೋಡ ಏಳದಂತೆ ಮೆಲ್ಲಗೆ. ಜುಲೈ-ಆಗಸ್ಟ್‌ನಲ್ಲಿ ಈ ಕೊಲ್ಲಿಗೆ ತುರಿಸುವ ಜೆಲ್ಲಿಫಿಶ್‌ಗಳು ಬರುತ್ತವೆ. ಉದ್ದ ತೋಳಿನ ಈಜುಡುಗೆ ಹಾಕಿಕೊಂಡು ಅಪ್ಪ-ಮಗಳು ತೆಪ್ಪದ ಎರಡು ಬದಿಯಲ್ಲಿ ತೂಗಾಡಿಕೊಂಡು ಒರೆಸುತ್ತಿದ್ದರೆ, ನನ್ನವಳು ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಾ ಜೆಲ್ಲಿಫಿಶ್ ಬಂದರೆ ಕೂಗುವ ಕಾವಲುಗಾರ್ತಿ. ನವೆಂಬರ್‌ನಲ್ಲಿ ಮೇಲೆತ್ತಿದಾಗ ಹಲ್ಲಿನ ಮೇಲೆ ನೀಲಿ ಚೆನ್ನಾಗಿತ್ತು. ಕೀಲ್ ಒಳಗೆ ಸೇರುವ ಸಂದಿಯಲ್ಲಿ, ಬಟ್ಟೆ ತಲುಪದ ಕಡೆ, ಇಪ್ಪತ್ತು-ಮೂವತ್ತು ಬಾರ್ನಕಲ್ಲುಗಳು. ಪಕ್ಕದ ದೋಣಿಯವರ ತಾಮ್ರದ ತಳ ನಮ್ಮದಕ್ಕಿಂತ ಶುಭ್ರವಾಗಿತ್ತು, ಅದನ್ನೂ ಹೇಳಬೇಕು.

ಮಾವ ಊರಿನಿಂದ ಫೋನ್ ಮಾಡಿದಾಗಲೆಲ್ಲಾ ಮೊದಲು ಮೊಮ್ಮಗಳನ್ನೇ ಕೇಳುತ್ತಾರೆ, ನಿನ್ನ ಚಿಪ್ಪು ಎಷ್ಟು ದೊಡ್ಡದಾಯಿತು ಎಂದು. ಅವಳು ಈಗ ಕಾಲೇಜಿಗೆ ಹೋಗಿದ್ದಾಳೆ, ಪಂಜರ ಕುಲುಕುವ ಕೆಲಸ ನನಗೆ ಬಂದಿದೆ. ತೋಟದಲ್ಲಿ ಬೋರ್ಡೋ ನಿಂತಿಲ್ಲ, ನಿಲ್ಲಿಸಿದರೆ ಅಡಿಕೆ ಉಳಿಯುವುದಿಲ್ಲ. ಆದರೆ ಮುಖವಾಡ ಹಾಕದೆ ಮರ ಹತ್ತಲು ಬಿಡುವುದಿಲ್ಲವಂತೆ. ಕಳೆದ ವಾರ ಯಾರ್ಡಿಗೆ ಹೋಗಿ ತೆಪ್ಪದ ಹೊದಿಕೆ ಸರಿಸಿ ನೋಡಿದೆ. ಮೂತಿಯ ಎಡಗಡೆ, ನೀರಿನ ಗೆರೆಯಿಂದ ಒಂದು ಗೇಣು ಕೆಳಗೆ, ಅಂಗೈಯಗಲ ಕೆಂಪು ಇಣುಕಿದೆ. ನೀಲಿ ಒಂದು ಗ್ಯಾಲನ್ ತರಿಸಬೇಕು.